ಎರಡಿಂಚಿನ ವಿನಾಯಿತಿ

ಚಿಕ್ಕಪ್ಪ ಬೀಸಿದ ಕುರ್ಚಿ, ಊರು ಗೂಳಿ ಎಂದು ಕರೆಯುವ ಬಾರಿನ ಯಜಮಾನನ ಭುಜಕ್ಕೆ ಬಡಿದು, ಒಂದು ಕಾಲು ಮುರಿದುಕೊಂಡು, ಅಂಗಳದಲ್ಲಿ ಕೂತಿದ್ದವರ ನಡುವೆ ಹೋಗಿ ಬಿತ್ತು. ಬಾಡಿಗೆಗೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿ. ಹೆಂಗಸರು ಚೀರಿಕೊಂಡು ಎದ್ದರು. ಗೂಳಿ ಮಾತ್ರ ನಿಂತ ಕಡೆಯಿಂದ ಕದಲಲಿಲ್ಲ.

"ಹೊಡಿ," ಅಂದ. "ಇನ್ನೊಂದು ಬೇಕಾದ್ರೂ ಹೊಡಿ. ಹೊಡೆದಾದ ಮೇಲೆ ನಾನೂ ಒಂದು ಹೆಗಲು ಕೊಡ್ತೀನಿ, ಅಷ್ಟೇ."

"ನಮ್ಮಣ್ಣನ ಕಿವಿ ಹರಿದು ಕಳಿಸಿದವನು ನೀನು! ಈಗ ಹೆಗಲು ಕೊಡ್ತಾನಂತೆ ಹೆಗಲು! ಗೇಟು ದಾಟೋಕೆ ಎಷ್ಟೋ ನಿನಗೆ ಕೊಬ್ಬು?"

ಚಿಕ್ಕಪ್ಪ ಎರಡನೆಯ ಕುರ್ಚಿಗೆ ಕೈ ಹಾಕಿದಾಗ ಸತ್ತವನ ಮಗಳು ಹಿಂದಿನಿಂದ ಅವನ ಸೊಂಟ ಹಿಡಿದು ಎಳೆದಳು. ಹನ್ನೊಂದು ವರ್ಷ ಬಸ್ಸಿನಿಂದ ಕುಡುಕರನ್ನು ಇಳಿಸಿ ಪಳಗಿದ ಕಂಡಕ್ಟರ್ ಕೈ ಅದು. ಚಿಕ್ಕಪ್ಪ ಎರಡು ಹೆಜ್ಜೆ ಹಿಂದಕ್ಕೆ ಬಂದ. ಒಳಗೆ, ನಡುಮನೆಯಲ್ಲಿ, ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲಿ ಅವಳ ಅಪ್ಪ ಇದ್ದ. ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಟು, ಷೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಎದ್ದಿರಲಿಲ್ಲ.

ಆರೋಗ್ಯ ಕಚೇರಿಯ ಇನ್ಸ್‌ಪೆಕ್ಟರ್. ಮೂವತ್ತೊಂದು ವರ್ಷ ಊರಿನ ಹೋಟೆಲು, ಬಾರುಗಳ ಸಿಂಕಿನ ಕೆಳಗೆ ತಲೆ ಹಾಕಿ ನೋಡಿದ್ದೇ ಅವನ ಕೆಲಸ. ಲೋಟ ತೊಳೆಯುವ ಸಿಂಕಿನ ಪೈಪು ಸೀದಾ ಚರಂಡಿಗೆ ಸೇರಬಾರದು; ಗಾಳಿಯಲ್ಲೇ ನಿಂತು, ಎರಡಿಂಚು ಕೆಳಗಿರುವ ಚರಂಡಿ ಬಾಯಿಗೆ ನೀರು ಸುರಿಯಬೇಕು. ಹಾಗಿದ್ದರೆ ಚರಂಡಿ ಉಕ್ಕಿದ ದಿನ ಹೊಲಸು ನೆಲಕ್ಕೆ ಚೆಲ್ಲುತ್ತದೆಯೇ ಹೊರತು ಜನ ಕುಡಿಯುವ ಲೋಟದವರೆಗೆ ಏರುವುದಿಲ್ಲ. ಇದು ನಿಯಮ. ಅವನ ಜೇಬಿನಲ್ಲಿ ಸದಾ ಎರಡಿಂಚಿನ ಒಂದು ಮರದ ತುಂಡು. ಅದು ಆ ಸಂದಿನಲ್ಲಿ ತೂರದಿದ್ದರೆ ಅಂಗಡಿಗೆ ಬೀಗ. ಹಾಗಾಗಿ ಊರೆಲ್ಲ ಅವನನ್ನು 'ಎರಡಿಂಚು' ಎಂದೇ ಕರೆಯುತ್ತಿತ್ತು.

"ನನ್ನ ಮದುವೆಗೆ ಬಂದಿದ್ರು," ಜಗಳ ತಣಿಸಲೆಂದೋ ಏನೋ, ಮೂಲೆಮನೆ ಹೋಟೆಲಿನವನು ಪಕ್ಕದವನಿಗೆ ಹೇಳುತ್ತಿದ್ದ. "ಊಟಕ್ಕೆ ಮೊದಲು ಎಲ್ಲಿ ಹೋದ್ರಪ್ಪ ಅಂತ ಹುಡುಕಿದ್ರೆ, ಅಡುಗೆಮನೆ ಸಿಂಕಿನ ಕೆಳಗೆ ಮಲಗಿದ್ದಾರೆ!"

"ಆಮೇಲೆ?"

"ಆಮೇಲೇನು, ಎದ್ದು ಬಂದು ಹೊರಗಿನ ನಲ್ಲಿಯಲ್ಲಿ ಕೈ ತೊಳೆದುಕೊಂಡ್ರು. ನನಗೆ ಅಲ್ಲೇ ಅರ್ಥ ಆಯ್ತು."

ಒಬ್ಬಿಬ್ಬರು ನಕ್ಕರು. ಆದರೆ ಎಲ್ಲರ ಕಣ್ಣೂ ಗೂಳಿಯ ಮೇಲೇ ಇತ್ತು. ಮೂವತ್ತೊಂದು ವರ್ಷದಲ್ಲಿ ಅಪ್ಪ ವಿನಾಯಿತಿ ಅಂತ ಬರೆದುಕೊಟ್ಟದ್ದು ಒಂದೇ ಒಂದು, ಅದೂ ಈ ಗೂಳಿಯ ನೆಲಮಾಳಿಗೆ ಬಾರಿಗೆ. ಒಂದು ಬಾಟಲಿ ಏಟು ಬಿತ್ತು, ಒಂದು ರುಜು ಬಿತ್ತು ಎಂದು ಜನ ಆಡಿಕೊಂಡದ್ದು ಮಗಳಿಗೆ ಗೊತ್ತಿಲ್ಲದ್ದೇನಲ್ಲ.

ಗೂಳಿ ಈಗ ಗೇಟಿನ ಪಕ್ಕ ನಿಂತಿದ್ದ ಹೊಸ ಇನ್ಸ್‌ಪೆಕ್ಟರನ ಕಡೆ ಬೆರಳು ತೋರಿಸಿದ. "ಇವನನ್ನ ಕೇಳಮ್ಮ. ಇವತ್ತು ಎರಡು ಗಂಟೆಗೆ ಬಂದು ನನ್ನ ಪೈಪು ಕೊಯ್ಯಿಸ್ತಾನಂತೆ."

ಹೊಸ ಇನ್ಸ್‌ಪೆಕ್ಟರ್ ಕೆಂಪಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಒತ್ತಿ ಹಿಡಿದ ಕಡತ. "ಸಾವಿನ ಮನೆಯಲ್ಲಿ ಈ ಮಾತು ಬೇಡ ಅಂತ ಬೆಳಿಗ್ಗೆಯೇ ಹೇಳಿದ್ದೆ. ಸಾರ್ ಬರೆದಿರೋದೇ ಹಾಗೆ. ಅವರೇ ಖುದ್ದಾಗಿ ಪ್ರತಿ ಸೋಮವಾರ ಪರೀಕ್ಷೆ ಮಾಡೋವರೆಗೆ ಮಾತ್ರ ವಿನಾಯಿತಿ. ಇವತ್ತು ಸೋಮವಾರ. ಸಾರ್ ಇಲ್ಲ. ವಿನಾಯಿತಿ ಮುಗಿದ ದಿನವೇ ಪೈಪು ಬೇರ್ಪಡಿಸಬೇಕು ಅಂತ ನಿಯಮ ಇದೆ. ನಾನೇನು ಮಾಡಲಿ?"

"ಬಾರು ಮುಚ್ಚು ಅಂದ್ರೆ ಮುಚ್ತೀನಿ. ಬೀಗ ನೀನೇ ಹಾಕು, ಕೀ ನೀನೇ ಇಟ್ಕೋ. ಪೈಪು ಮುಟ್ಟಬೇಡ!"

"ನೋಡಿದ್ರಾ, ನೋಡಿದ್ರಾ," ಚಿಕ್ಕಪ್ಪ ಮತ್ತೆ ಕೂಗಿದ. "ಹೆಣದ ಮುಂದೆ ನಿಂತು ವ್ಯಾಪಾರ ಮಾತಾಡ್ತಾನೆ!"

*

ಹದಿನಾರು ವರ್ಷದ ಹಿಂದೆ ಅಪ್ಪ ಸಂಜೆ ಐದಕ್ಕೆ ಮನೆಗೆ ಬಂದಾಗ ಮಗಳು ಹೊಸಲಿನ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಅವಳಿಗಾಗ ಹದಿನಾಲ್ಕು. ಅಪ್ಪನ ಬಟ್ಟೆಯೆಲ್ಲ ಕಪ್ಪು ನೀರಿನಲ್ಲಿ ನೆನೆದು ನಾರುತ್ತಿತ್ತು. ಎಡಗಿವಿಯ ಅರ್ಧ ಕೆಳಗೆ ಜೋತಿತ್ತು. ಅದನ್ನು ಅವನು ಬೇರೆ ಯಾರದೋ ವಸ್ತು ಬೀಳದಂತೆ ಹಿಡಿದುಕೊಂಡವನ ಹಾಗೆ ಅಂಗೈಯಲ್ಲಿ ಹಿಡಿದಿದ್ದ.

"ಯಾರು?" ಅಂದಳು ಅಮ್ಮ.

"ಗೂಳಿ."

ಆಸ್ಪತ್ರೆಯಲ್ಲಿ ಹನ್ನೆರಡು ಹೊಲಿಗೆ ಹಾಕಿದರು. ಪೊಲೀಸರಿಗೆ ಹೇಳೋಣವೆಂದು ಚಿಕ್ಕಪ್ಪ ಕುಣಿದಾಡಿದ. ಅಪ್ಪ ಬೇಡ ಎಂದ. ತಿಂಗಳು ಕಳೆಯುವುದರೊಳಗೆ ಗೂಳಿಗೆ ವಿನಾಯಿತಿ ಸಿಕ್ಕಿದ ಸುದ್ದಿ ಶಾಲೆಯವರೆಗೂ ಬಂತು.

"ಹೆದರಿಕೊಂಡ್ರಾ ಅಪ್ಪ?" ಮಗಳು ಊಟಕ್ಕೆ ಕೂತಾಗ ಕೇಳಿದ್ದಳು.

ಅಪ್ಪ ತುತ್ತು ತಟ್ಟೆಗೆ ಇಳಿಸಿದ. "ಹೂಂ ಪುಟ್ಟಿ," ಅಂದ.

ಇಲ್ಲ ಅನ್ನಲಿ ಎಂದು ಅವಳು ಎಷ್ಟು ಬಯಸಿದ್ದಳೋ. ಏನಾದರೊಂದು ಸುಳ್ಳು ಹೇಳಿದ್ದರೂ ನಂಬುತ್ತಿದ್ದಳು.

ಅದಾದ ಮೇಲೆ ಸೋಮವಾರಗಳು ಶುರುವಾದವು. ಪ್ರತಿ ಸೋಮವಾರ ಅಪ್ಪ ಗೂಳಿಯ ಬಾರಿಗೆ ಹೋಗಿ ಬರುವನು. ಬರುವಾಗ ಮೊಣಕೈವರೆಗೆ ಚರಂಡಿ ನಾತ, ಬಲಗೆನ್ನೆಯ ಮೇಲೆ ಕೆಂಪಗೆ ಬೆರಳಿನ ಬರೆ. ಕೇಳಿದರೆ, ಬಾಗಿಲು ಬಡಿಯಿತು ಅನ್ನುವನು. ಬಾಗಿಲಿಗೆ ಐದು ಬೆರಳಿರುತ್ತದೆಯೇ ಎಂದು ಅವಳು ಕೇಳಲಿಲ್ಲ. ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಬರೆಗಳು ನಿಂತವು, ಸೋಮವಾರಗಳು ನಿಲ್ಲಲಿಲ್ಲ. ಮಗಳು ಅಪ್ಪನ ಕೆಲಸದ ಬಗ್ಗೆ ಮಾತಾಡುವುದನ್ನು ಬಿಟ್ಟಳು. ಏಟು ತಿನ್ನುವವಳು ತಾನಾಗಬಾರದೆಂದು ನಿರ್ಧರಿಸಿದಳು. ಕಂಡಕ್ಟರ್ ಆದ ಮೊದಲ ತಿಂಗಳಲ್ಲೇ ಮೈಮೇಲೆ ಬಿದ್ದ ಒಬ್ಬನ ಹಲ್ಲು ಉದುರಿಸಿ, ಮನೆಗೆ ಬಂದು ಅಪ್ಪನಿಗೆ ಕೇಳಿಸಲೆಂದೇ ಜೋರಾಗಿ ಅದನ್ನು ಹೇಳಿದ್ದಳು. ಅಪ್ಪ ಅವಳ ಬೆರಳ ಗೆಣ್ಣುಗಳನ್ನು ನೋಡಿ, "ಕೈ ನೋಯ್ತಾ?" ಎಂದಷ್ಟೇ ಕೇಳಿದ್ದ.

*

"ಹೆಗಲು ಕೊಡಲಿ ಬಿಡಿ," ಎಂದಳು ಅಮ್ಮ ಒಳಗಿನಿಂದ. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು ಅದು. ಚಿಕ್ಕಪ್ಪನ ಕೈ ಸಡಿಲವಾಯಿತು.

ಮುಂದೆ ಚಿಕ್ಕಪ್ಪ ಮತ್ತು ಹೋಟೆಲಿನವನು, ಹಿಂದೆ ಎಡಕ್ಕೆ ಗೂಳಿ. ಬಲಕ್ಕೆ ನಿಲ್ಲಲು ಮಗಳು ತಾನೇ ಹೋದಳು. ಅವನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಯೋಚನೆ. ಸ್ಮಶಾನ ಎರಡು ಬೀದಿ ಆಚೆ. ಪೆಟ್ಟಿಗೆ ಅವರಿಬ್ಬರ ನಡುವೆ ಗೋಡೆಯಂತಿತ್ತು. ಅದರ ಕೆಳಗಿನಿಂದ ಗೂಳಿಯ ಕುತ್ತಿಗೆ ಮತ್ತು ಕುರ್ಚಿ ಬಿದ್ದ ಜಾಗದಲ್ಲಿ ಅಂಗಿಗೆ ಅಂಟಿದ ರಕ್ತ ಕಾಣುತ್ತಿತ್ತು.

"ಯಾಕೆ ಹೊಡೆದೆ ಅವತ್ತು?" ಅವಳು ಮುಂದಿನವರಿಗೆ ಕೇಳದಂತೆ ಕೇಳಿದಳು.

"ಮನೆಯಲ್ಲಿ ಹೇಳಿಲ್ವಾ ಅವರು?"

"ಕೇಳ್ತಿರೋದು ನಿನ್ನನ್ನ."

"ನನ್ನ ತಮ್ಮ ಸತ್ತ ದಿನ ಅದು," ಅಂದ ಗೂಳಿ.

*

ಗೂಳಿಯ ತಮ್ಮ ಪೈಪು ಕೆಲಸದವನು. ಬಾರಿನ ನಲ್ಲಿ, ಸಿಂಕು, ಎಲ್ಲ ಅವನ ಕೈಯದೇ. ಬೀದಿಯಿಂದ ಹನ್ನೊಂದು ಮೆಟ್ಟಿಲು ಇಳಿದರೆ ಬಾರು. ಬೀದಿಯ ಚರಂಡಿ ಬಾರಿನ ನೆಲಕ್ಕಿಂತ ಮೇಲೆ ಹರಿಯುತ್ತಿತ್ತು. ಅದಕ್ಕೆಂದೇ ಅವನು ಸಿಂಕನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಪೈಪನ್ನು ಗೋಡೆಯೊಳಗಿಂದ ಸೀದಾ ಚರಂಡಿಗೆ ಸೇರಿಸಿ, ಮಧ್ಯೆ ಒಂದೇ ಕಡೆ ತೆರೆಯುವ ವಾಲ್ವ್ ಇಟ್ಟಿದ್ದ. ನೀರು ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ.

"ಎರಡಿಂಚು ಎಲ್ಲಿ?" ಎಂದು ಇನ್ಸ್‌ಪೆಕ್ಟರ್ ಕೇಳಿದ. ಮಧ್ಯಾಹ್ನ ಎರಡು ಗಂಟೆ.

"ಇಲ್ಲಿ ಎರಡಿಂಚು ಬಿಡೋಕೆ ಆಗಲ್ಲ ಸಾರ್. ಕೊಯ್ದರೆ ಬೀದಿ ಚರಂಡಿಯೆಲ್ಲ ಒಳಗೆ ಬರುತ್ತೆ."

"ಎಲ್ಲರೂ ಹೀಗೇ ಹೇಳ್ತಾರೆ. ಕೊಯ್ದು ತೋರಿಸು. ಇಲ್ಲ, ಬೀಗ ಹಾಕ್ತೀನಿ."

"ಬೆಳಿಗ್ಗೆ ಬನ್ನಿ ಸಾರ್, ನೀರು ಕಡಿಮೆ ಇರುತ್ತೆ. ಈಗ ಊರಿನ ಹೋಟೆಲೆಲ್ಲ ಪಾತ್ರೆ ತೊಳೆಯೋ ಹೊತ್ತು."

"ಈಗ."

ತಮ್ಮ ವಾಲ್ವಿನ ಆಚೆ, ಗೋಡೆಯ ಹತ್ತಿರ ಕೊಯ್ದ. ಗೋಡೆಯಿಂದ ಬಂದ ಕಪ್ಪು ನೀರು ಅವನನ್ನು ಎದೆಗೆ ಗುದ್ದಿದಂತೆ ಹಿಂದಕ್ಕೆ ತಳ್ಳಿತು. ಎದ್ದು, ಗೋಣಿಚೀಲ ತುರುಕಲು ಹೋದ. ನೀರು ಮೊಣಕಾಲಿಗೆ ಬಂದಿತ್ತು. ನೆಲದ ಮೇಲೆ ಫ್ರಿಜ್ಜಿನ ವೈರಿತ್ತು, ಎರಡು ಕಡೆ ಬರೀ ಟೇಪು ಸುತ್ತಿದ್ದು. ಅವನು ಜಾರಿ ಫ್ರಿಜ್ಜಿನ ಹಿಡಿ ಹಿಡಿದುಕೊಂಡ. ಹಿಡಿದ ಕೈ ಮತ್ತೆ ಬಿಡಲಿಲ್ಲ.

ಮೇಲಿಂದ ಓಡಿ ಬಂದ ಗೂಳಿ ಮೇನ್ ಸ್ವಿಚ್ ಕಿತ್ತುಹಾಕಿ ಕೆಳಗಿಳಿದಾಗ, ಇನ್ಸ್‌ಪೆಕ್ಟರ್ ಐದನೆಯ ಮೆಟ್ಟಿಲ ಮೇಲೆ ಮರದ ತುಂಡು ಹಿಡಿದು ನಿಂತೇ ಇದ್ದ. ಗೂಳಿ ಕೈಗೆ ಸಿಕ್ಕ ಬಾಟಲಿ ಒಡೆದು ಅವನ ಕಿವಿಗೆ ಇಳಿಸಿದ. ಕೂದಲು ಹಿಡಿದು ತಲೆಯನ್ನು ಅದೇ ಹೊಲಸಿನಲ್ಲಿ ಮುಳುಗಿಸಿದ. ಮೂರು ಸಲ. ನಾಲ್ಕನೆಯ ಸಲಕ್ಕೆ ಕೈ ಸೋತಿತು. ಇನ್ಸ್‌ಪೆಕ್ಟರ್ ಒಂದು ಸಲವೂ ತಡೆಯಲಿಲ್ಲ.

*

"ಪೈಪು ಕೊಯ್ಯಿಸಿದ್ದು ಅವರು. ವೈರು ಜೋಡಿಸಿದ್ದು ನಾನು," ಎಂದ ಗೂಳಿ, ಪೆಟ್ಟಿಗೆಯನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತ. "ಯಾರ ಮೇಲೆ ಯಾರು ದೂರು ಕೊಡೋದು? ಕಾಲು ಜಾರಿ ಸತ್ತ ಅಂತ ಬರೆಸಿದ್ವಿ. ಅವರು ವಿನಾಯಿತಿ ಬರೆದ್ರು. ಬೇರೆ ಯಾರೂ ಬಂದು ಮುಟ್ಟಬಾರದು ಅಂತ ಅವರದೇ ಹೆಸರು ಹಾಕಿಕೊಂಡ್ರು. ಸೋಮವಾರ ಹನ್ನೊಂದಕ್ಕೆ ಬರ್ತಿದ್ರು. ಬಾಗಿಲಲ್ಲಿ ನಾನು ಒಂದು ಬಿಡ್ತಿದ್ದೆ ಕೆನ್ನೆಗೆ. ತಿಂದು, ಒಳಗೆ ಹೋಗಿ, ಮಂಡಿ ಊರಿ ಆ ವಾಲ್ವ್ ಬಿಚ್ಚಿ ಕೈಯಾರೆ ತೊಳೆದು ಹೋಗ್ತಿದ್ರು."

"ಒಂದು ವರ್ಷ," ಎಂದಳು ಮಗಳು.

"ಒಂದು ವರ್ಷ. ಒಂದು ಸೋಮವಾರ ನನಗೆ ಕೈ ಎತ್ತೋಕೆ ಆಗಲಿಲ್ಲಮ್ಮ. ಸುಮ್ಮನೆ ಬಾಗಿಲು ತೆಗೆದೆ. ಅವರು ಒಳಗೆ ಬರಲೇ ಇಲ್ಲ. ಕೆನ್ನೆ ಕೊಟ್ಕೊಂಡು ನಿಂತೇ ಇದ್ರು, ಗಂಟೆಗಟ್ಟಲೆ ಅನ್ನಿಸ್ತು. ಆಮೇಲೆ ನಾನೇ ತೋಳು ಹಿಡಿದು ಕರ್ಕೊಂಡು ಹೋಗಬೇಕಾಯ್ತು."

ಮಗಳಿಗೆ ಹೆಜ್ಜೆ ತಪ್ಪಿತು. ಪೆಟ್ಟಿಗೆ ವಾಲಿತು. "ನೋಡ್ಕೊಂಡು!" ಎಂದು ಮುಂದಿನಿಂದ ಚಿಕ್ಕಪ್ಪ ಗದರಿದ.

"ಇದನ್ನ ಆ ಹೊಸಬನಿಗೆ ಹೇಳಿದ್ಯಾ?"

"ಹೇಳಿದೆ. ನಗ್ತಾನೆ. ನನ್ನ ಮಾತು ಯಾರು ನಂಬ್ತಾರೆ? ನೀನು ಹೇಳು. ಅವರ ಮಗಳು ನೀನು."

ಗುಂಡಿಯ ಬಳಿ ಪೆಟ್ಟಿಗೆ ಇಳಿಸುವ ಹೊತ್ತಿಗೆ ಒಂದೂವರೆ. ಕಚೇರಿಯ ದೊಡ್ಡ ಅಧಿಕಾರಿ ಕನ್ನಡಕ ಒರೆಸಿಕೊಂಡು ನಾಲ್ಕು ಮಾತಾಡಿದರು. ಇಂಥ ಕಟ್ಟುನಿಟ್ಟಿನ ಮನುಷ್ಯ ಇನ್ನು ಹುಟ್ಟುವುದಿಲ್ಲ, ಇವರ ನಿಯಮದಿಂದ ಈ ಊರಿನಲ್ಲಿ ಒಬ್ಬರಿಗೂ ಕೇಡಾಗಿಲ್ಲ ಎಂದರು. ಕೊನೆಗೆ ದನಿ ತಗ್ಗಿಸಿ, "ಇವರ ಮೇಲೆ ಒಂದೇ ಒಂದು ಮಚ್ಚೆ ಉಳಿದಿತ್ತು. ಅದನ್ನೂ ಇವತ್ತು ನಮ್ಮ ಹುಡುಗ ಅಳಿಸಿಹಾಕ್ತಾನೆ," ಎಂದು ಹೊಸ ಇನ್ಸ್‌ಪೆಕ್ಟರನ ಬೆನ್ನು ತಟ್ಟಿದರು. ಅವನು ಗಡಿಯಾರ ನೋಡಿಕೊಂಡ.

ಸುಮ್ಮನಿದ್ದರೆ ಅಪ್ಪ ಒಳ್ಳೆಯ ಹೆಸರಿನೊಂದಿಗೆ ಮಣ್ಣಿಗೆ ಹೋಗುತ್ತಾನೆ. ಬಾಯಿ ತೆರೆದರೆ ಇಷ್ಟು ಜನರ ಎದುರು, ಅವನ ತಲೆಯ ಮೇಲೆ ಒಂದು ಸಾವನ್ನು ಇಟ್ಟು ಕಳಿಸಿದಂತೆ. ಅರ್ಧ ಗಂಟೆಯಲ್ಲಿ ಇನ್ನೊಬ್ಬ ಪೈಪು ಕೆಲಸದವನು ಆ ಗೋಡೆಯ ಎದುರು ಗರಗಸ ಹಿಡಿದು ನಿಲ್ಲುತ್ತಾನೆ.

"ತಡೀರಿ," ಅಂದಳು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಕೇಳಿಸುವ ದನಿ ತಾನಾಗಿಯೇ ಬಂತು. "ನಮ್ಮಪ್ಪನ ಮಾತು ಕೇಳಿ ಒಬ್ಬ ಸತ್ತಿದ್ದಾನೆ. ಗೂಳಿಯ ತಮ್ಮ. ಎರಡಿಂಚು ಬಿಡಲೇಬೇಕು ಅಂತ ಹಟ ಹಿಡಿದು ಅಪ್ಪ ಪೈಪು ಕೊಯ್ಯಿಸಿದ್ರು, ಚರಂಡಿ ನುಗ್ತು, ಅವನು ಕರೆಂಟು ಹೊಡೆದು ಸತ್ತ. ಆ ವಿನಾಯಿತಿ ಬರೆದದ್ದು ಏಟಿಗೆ ಹೆದರಿ ಅಲ್ಲ. ಇವತ್ತು ಕೊಯ್ದರೂ ಅದೇ ಆಗುತ್ತೆ. ಕೊಯ್ಯಬೇಡಿ."

ಮಾತು ಮುಗಿಯುವ ಮುಂಚೆ ಚಿಕ್ಕಪ್ಪನ ಕೈ ಅವಳ ಕೆನ್ನೆಗೆ ಬಿತ್ತು. ಕಿವಿಯೊಳಗೆ ಗುಂಯ್ ಎಂದಿತು. "ಗುಂಡಿಗೆ ಇಳಿಸೋ ಮುಂಚೆ ಅಪ್ಪನನ್ನ ಕೊಲೆಗಾರ ಮಾಡ್ತೀಯಲ್ಲೇ! ಈ ಕುಡುಕರ ಯಜಮಾನ ಏನು ತಿನ್ನಿಸಿದ ನಿನಗೆ?" ಇನ್ನೊಂದಕ್ಕೆ ಎತ್ತಿದ ಕೈಯನ್ನು ಗೂಳಿ ಗಾಳಿಯಲ್ಲೇ ಹಿಡಿದು ತಿರುಚಿದ. ಇಬ್ಬರೂ ಅಗೆದ ಮಣ್ಣಿನ ಗುಡ್ಡೆಯ ಮೇಲೆ ಬಿದ್ದು ಹೊರಳಿದರು. ಒಬ್ಬರ ಬಾಯಿಂದ ರಕ್ತ, ಒಬ್ಬರ ಬಾಯಿಂದ ಬೈಗುಳ. ಹೋಟೆಲಿನವನು ಬಿಡಿಸಲು ಹೋಗಿ ಮೊಣಕೈಯಿಂದ ಮೂಗಿಗೆ ತಿಂದ. ಅಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು, ಬೇರೇನೂ ಕಾಣದವಳ ಹಾಗೆ.

ಹೊಸ ಇನ್ಸ್‌ಪೆಕ್ಟರ್ ಮಗಳ ಹತ್ತಿರ ಬಂದ. "ಅಕ್ಕಾ, ಕಡತದಲ್ಲಿ ಇದೊಂದೂ ಇಲ್ಲ. ಸಾರ್ ಎಲ್ಲೂ ಬರೆದಿಲ್ಲ. ಬಾಯಿಮಾತು ಕೇಳಿ ಬಿಟ್ಟೆ ಅಂದ್ರೆ, ನಾಳೆ ಆ ಸಿಂಕಿನಿಂದ ಯಾರಿಗಾದ್ರೂ ಏನಾದ್ರೂ ಆದ್ರೆ ನಾನೇನು ಹೇಳಲಿ? ಸಾರೇ ನನಗೆ ಕಲಿಸಿದ್ದು, ಅಳೆದದ್ದನ್ನ ನಂಬು, ಹೇಳಿದ್ದನ್ನ ನಂಬಬೇಡ ಅಂತ." ಅಷ್ಟು ಹೇಳಿ ಗೇಟಿನ ಕಡೆ ನಡೆದು, ಬೈಕು ಹತ್ತಿ ಹೊರಟೇಬಿಟ್ಟ.

ಮಗಳು ಗುಂಡಿ ನೋಡಿದಳು. ಹಗ್ಗ ಇನ್ನೂ ಕಟ್ಟಿರಲಿಲ್ಲ. ಅಪ್ಪ ಒಳಗಿಳಿಯುವುದನ್ನು ನೋಡಲು ನಿಂತರೆ ಹೊತ್ತಾಗಿಬಿಡುತ್ತದೆ. ಅವಳು ಗೂಳಿಯ ಅಂಗಿ ಹಿಡಿದು ಎಬ್ಬಿಸಿ, "ಬಾ," ಎಂದು ಓಡಿದಳು. ಬೆನ್ನ ಹಿಂದೆ ಚಿಕ್ಕಪ್ಪ ಅವಳ ಹುಟ್ಟನ್ನೇ ಹಿಡಿದು ಬೈಯುತ್ತಿದ್ದ.

*

ಬಾರಿನ ಬೀಗ ಒಡೆದು ಕೆಳಗೆ ಬಿದ್ದಿತ್ತು. ಹನ್ನೊಂದು ಮೆಟ್ಟಿಲ ಕೆಳಗಿನಿಂದ ಗರಗಸದ ಸದ್ದು ಬರುತ್ತಿತ್ತು.

"ನಿಲ್ಲಿಸು!"

ಪೈಪು ಕೆಲಸದವನು ತಿರುಗಿ ನೋಡಲಿಲ್ಲ. ಆಜ್ಞೆ ಕೊಟ್ಟವನು ಪಕ್ಕದಲ್ಲೇ ಇದ್ದ. ಮಗಳು ಮೆಟ್ಟಿಲು ಹಾರಿ ಬಂದು, ಗರಗಸ ಹೋಗಿ ಬರುತ್ತಿದ್ದ ಜಾಗದಲ್ಲೇ ಪೈಪನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಹಲ್ಲುಗಳು ಅವಳ ಹೆಬ್ಬೆರಳ ಬುಡ ಸೀಳಿಕೊಂಡು ಹೋದವು. ಕೆಲಸದವನು ಬೆದರಿ ಗರಗಸ ಹಿಂದಕ್ಕೆ ಎಳೆದ. ಎಳೆದದ್ದೇ ತಡ, ಅರ್ಧ ಕೊಯ್ದ ಬಾಯಿಂದ ಕಪ್ಪು ನೀರು ಛಟ್ಟನೆ ಹಾರಿ ಎದುರಿನ ಗೋಡೆಗೆ ಬಡಿಯಿತು. ಮೇಲಿನ ಸಿಂಕು ಒಣಗಿ ಖಾಲಿ ಇತ್ತು. ನೀರು ಬರುತ್ತಿದ್ದುದು ಗೋಡೆಯ ಕಡೆಯಿಂದ.

ಗೂಳಿ ಮೇನ್ ಸ್ವಿಚ್‌ನ ಮೇಲೆ ಬಿದ್ದ. ದೀಪಗಳು ಹೋದವು. ಬೀದಿಯ ಮಟ್ಟದಲ್ಲಿದ್ದ ಸರಳಿನ ಕಿಂಡಿಯಿಂದ ಒಂದು ಚೂರು ಬೆಳಕು ಮಾತ್ರ ಉಳಿಯಿತು. ಕೆಲಸದವನು ಗರಗಸ ಬಿಸಾಕಿ ಮೇಲಕ್ಕೆ ಓಡಿದ.

"ಕೈ ಬಿಡಬೇಡ!" ಗೂಳಿ ಕೂಗಿದ. ಬಂದು ಅವಳ ಕೈಗಳ ಮೇಲೆ ತನ್ನ ಕೈ ಒತ್ತಿದ. ಬೆರಳ ಸಂದಿಗಳಿಂದ ಹೊಲಸು ಪಿಚಕ್ ಪಿಚಕ್ ಎಂದು ಮುಖಕ್ಕೆ ಹಾರುತ್ತಿತ್ತು. ಪೈಪು ಪ್ರಾಣಿಯಂತೆ ಅದುರುತ್ತಿತ್ತು. ಸೀಳು ಇನ್ನೊಂದು ಕೂದಲೆಳೆ ಬಿಟ್ಟರೆ ಪೂರ್ತಿ ಹರಿದುಹೋಗುವಂತಿತ್ತು.

ಹೊಸ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ಕಡತ ಹಿಡಿದು ನಿಂತಿದ್ದ. ನೀರು ಅವನ ಷೂ ತಲುಪಿತು.

"ಇಳಿಯೋ!" ಎಂದಳು ಮಗಳು. "ಅಳೆದದ್ದು ಸಾಕು, ಇಳಿ!"

ಅವನು ಕಡತವನ್ನು ಮೆಟ್ಟಿಲ ಮೇಲಿಟ್ಟ. ಬಿಳಿ ಅಂಗಿ ಬಿಚ್ಚಿ, ಹೊಸೆದು ಹಗ್ಗ ಮಾಡಿ, ನೀರಿಗಿಳಿದು ಬಂದು, ಅವರ ಕೈಗಳ ಸಮೇತ ಪೈಪಿಗೆ ಸುತ್ತಿ ಬಿಗಿದು, ಗಂಟಿನ ಎರಡೂ ತುದಿಯನ್ನು ಎಳೆದು ಹಿಡಿದ. ಚಿಮ್ಮುವುದು ಕಡಿಮೆಯಾಯಿತು.

"ಎಷ್ಟು ಹೊತ್ತು ಹಿಡ್ಕೊಬೇಕು?" ಹೊಸ ಇನ್ಸ್‌ಪೆಕ್ಟರ್ ಕೇಳಿದ.

"ಊರಿನವರೆಲ್ಲ ಉಂಡು, ಪಾತ್ರೆ ತೊಳೆದು ಮುಗಿಸೋವರೆಗೆ," ಎಂದ ಗೂಳಿ. "ನಾಲ್ಕು ಗಂಟೆ ಆಗುತ್ತೆ."

ಕಿಂಡಿಯಲ್ಲಿ ಕಾಲುಗಳು ಹಾಯತೊಡಗಿದವು. ಸ್ಮಶಾನದಿಂದ ಹಿಂದಿರುಗುವವರು. ದೊಡ್ಡ ಅಧಿಕಾರಿಯ ಹೊಳೆಯುವ ಷೂ ಸರಸರ ಹೋದವು. ಚಿಕ್ಕಪ್ಪನ ಕಾಲು, ಒಂದರಲ್ಲಿ ಚಪ್ಪಲಿ ಇಲ್ಲ, ಕಿಂಡಿಯ ಹತ್ತಿರ ತಡೆದು, ಉಗುಳಿ, ಮುಂದೆ ಹೋಯಿತು. ಆಮೇಲೆ ಇನ್ಯಾರದೋ, ಇನ್ಯಾರದೋ. ಮಗಳು ಕತ್ತು ಹೊರಳಿಸಿ ಪ್ರತಿಯೊಂದನ್ನೂ ನೋಡಿದಳು. ಕೈ ಜೋಮು ಹಿಡಿದು, ಯಾವುದು ತನ್ನ ಬೆರಳು, ಯಾವುದು ಅವರದು ಎಂದು ತಿಳಿಯದಂತಾಗಿತ್ತು.

ಎಲ್ಲರಿಗಿಂತ ಕೊನೆಗೆ, ಒಂಟಿಯಾಗಿ, ಅಮ್ಮನ ಹಳೆಯ ಚಪ್ಪಲಿ ಬಂದವು. ಸೀರೆಯ ಅಂಚಿಗೆ ಹಸಿ ಮಣ್ಣು ಮೆತ್ತಿತ್ತು. ಅವು ಕಿಂಡಿಯ ಎದುರು ನಿಂತವು. ಬಹಳ ಹೊತ್ತು ನಿಂತವು. ಆಮೇಲೆ ಒಂದು ಪಾದ ಇನ್ನೊಂದರ ಚಪ್ಪಲಿ ಕಳಚಿತು, ಇನ್ನೊಂದು ತಾನೂ ಕಳಚಿಕೊಂಡಿತು. ಬೀದಿಯಲ್ಲಿ ಜೋಡಿ ಚಪ್ಪಲಿ ಉಳಿದವು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದ ಬರಿಗಾಲು ಎರಡು, ಒಂದೊಂದೇ ಮೆಟ್ಟಿಲು ತಡವುತ್ತ, ಕತ್ತಲಿನೊಳಗೆ ಇಳಿದು ಬರುತ್ತಿದ್ದವು.